ಮಾಳಿಗಿ ಮ್ಯಾಲಿನ ಎಡಿ

ಏರ್‌ಪೋರ್ಟ್ ಕ್ವಾರ್ಟರ್ಸ್,
೨೬-೯-೨೦೨೫

ಅರಸೀಕೆರೆಯ ಅಣ್ಣ ಓಬಳೇಶನಿಗೆ,

ನಿನ್ನ ತಂಗಿ ಮಂಜಮ್ಮ ಬರೆಯೋದು. ಕ್ಷೇಮ ಕೇಳಾಕ ಅಲ್ಲ, ಬೈಯಾಕ ಬರೀತೀನಿ. ಫೋನಿನಾಗ ಬೈದ್ರ ನೀನು ಅರ್ಧಕ್ಕ ಇಡ್ತಿ.

ನನ್ನ ಕೆಲಸ ಏನಂತ ಎಷ್ಟು ಸಲ ಹೇಳೀನಿ? ಹಕ್ಕಿ ಬಡಿದು ವಿಮಾನ ಕೆಡಬಾರದು ಅಂತ ಇಲ್ಲೊಂದು ರಾಡಾರ್ ಐತಿ. ಅದರ ಪರದೆ ಮ್ಯಾಲ ಹಕ್ಕಿಗಳು ಚುಕ್ಕಿ ಚುಕ್ಕಿಯಾಗಿ ಕಾಣ್ತಾವ. ಹಿಂಡು ಕಂಡ ಕೂಡ್ಲೆ ನಾನು ಟವರಿಗೆ ಫೋನ್ ಮಾಡಬೇಕು, ಅವರು ವಿಮಾನ ತಡೀತಾರ. ಅದಕ್ಕ ಇಲ್ಲಿ ಒಂದು ಅಗಳು ಹೊರಗ ಚೆಲ್ಲಂಗಿಲ್ಲ. ಮೊನ್ನಿ ನೀನು ಹಬ್ಬಕ್ಕ ನನ್ನ ಮನಿಗೆ ಬಂದಾಗ, ಎಡಿ ಮನಿಯೊಳಗ ಇಡು, ಮಾಳಿಗಿ ಮ್ಯಾಲ ಬ್ಯಾಡ ಅಂತ ಕೈಮುಗಿದು ಹೇಳಿ ಡ್ಯೂಟಿಗೆ ಹೋಗಿದ್ದೆ.

ನೀನೇನು ಮಾಡಿದಿ? ಅಪ್ಪ ಇದೇ ಮನಿಯಾಗ ಸತ್ತಾನ, ಹಿರಿಯರ ಹಬ್ಬದಾಗ ಕಾಗಿ ಮುಟ್ಟೋತನ ನಾವು ಉಣ್ಣಂಗಿಲ್ಲ ಅಂತ ಮಾಳಿಗಿ ಹತ್ತಿ ಮುದ್ದಿ, ಕುರಿ ಬಾಡು ಇಟ್ಟಿ. ಕಾಗಿ ಬರ್ಲಿಲ್ಲ, ಹದ್ದು ಬಂದ್ವು. ಒಂದಲ್ಲ ಎರಡಲ್ಲ, ನಲವತ್ತು. ಇಳಿಯಾಕ ಬಂದ ವಿಮಾನಕ್ಕ ಒಂದು ಬಡಿದು ಇಂಜಿನ್ ನಿಂತ್ಹೋತು. ಪೈಲಟ್ ಪುಣ್ಯಾತ್ಮ, ಇನ್ನೊಂದು ಇಂಜಿನ್ನಿನ ಮ್ಯಾಲ ಇಳಿಸಿದ. ಒಳಗ ನೂರಾ ಎಪ್ಪತ್ತು ಮಂದಿ ಇದ್ರು.

ಆಮೇಲಾದ್ರೂ ಬಾಯಿ ಮುಚ್ಕೊಂಡಿರಬೇಕಿತ್ತು. ಸಾಹೇಬ್ರು ವಿಚಾರಿಸಿದಾಗ, ಪಕ್ಕದ ಮನಿ ಕಾಂತೇಶ ಇಟ್ಟಾನ ಅಂದಿ. ಮಾಳಿಗಿ ಇಬ್ಬರದೂ ಒಂದೇ, ಅವರು ನಂಬಿದ್ರು. ಈಗ ಅವನನ್ನ ಸಸ್ಪೆಂಡ್ ಮಾಡ್ಯಾರ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ಅಪ್ಪನ ಹೆಣಕ್ಕ ಮೊದಲು ಹೆಗಲು ಕೊಟ್ಟೋನು ಅವನು, ನೀನು ಇನ್ನೂ ಬಸ್ಸಿನಾಗ ಇದ್ದಿ. ನಿನ್ನಿ ಅವನ ಹೆಂಡ್ತಿ ನಮ್ಮ ಬಾಗಿಲಿಗೆ ಬಂದು ನಿಂತಳು. ಹಂಗೇ ಹೋದಳು.

ಫೋನಿನಾಗ ಏನಂದಿ ನೀನು? "ನಿನ್ನ ನೌಕರಿ ಉಳೀಲಿ ಅಂತ ಹೇಳೀನಿ, ನೀನು ಸುಮ್ಮನಿರು." ಇಂಥ ಪ್ರೀತಿಗೆ ಬೆಂಕಿ ಬೀಳ್ಲಿ. ಅಕ್ಟೋಬರ್ ಆರಕ್ಕ ವಿಚಾರಣೆ ಐತಿ. ಬಂದು, ಎಡಿ ಇಟ್ಟೋನು ನಾನು ಅಂತ ಹೇಳು. ಬರದಿದ್ರ ನಾನೇ ಹೇಳ್ತೀನಿ, ಆಮೇಲೆ ನನ್ನ ಮನಿ ಹೊಸ್ತಿಲು ತುಳಿಬ್ಯಾಡ.

ನಿನ್ನ ಮ್ಯಾಲ ಸಿಟ್ಟಾಗಿರೋ ತಂಗಿ,
ಮಂಜಮ್ಮ

ತಾ.ಕ.: ಚುಕ್ಕಿ ಕಂಡ ಕೂಡ್ಲೆ ಟವರಿಗೆ ಫೋನ್ ಮಾಡಿದೆ ಅಂತ ನಾನು ಸಾಹೇಬ್ರಿಗೆ ಬರ್ದುಕೊಟ್ಟೀನಿ. ಅದು ಸುಳ್ಳು. ಚುಕ್ಕಿ ಸುತ್ತಾಕತ್ತಿದ್ದು ನನ್ನ ಮನಿ ಮ್ಯಾಲೇ ಅಂತ ಗೊತ್ತಾತು, ನೀನು ಎಡಿ ಇಟ್ಟಿ ಅಂತಾನೂ ಗೊತ್ತಾತು. ಅಪ್ಪ ಬಂದಾನ, ಎರಡು ತುತ್ತು ಉಣ್ಣಲಿ ಅಂತ ಎರಡು ನಿಮಿಷ ನೋಡಿಕೋತ ಕುಂತೆ. ಆರಕ್ಕ ಅದನ್ನೂ ಹೇಳ್ತೀನಿ.