ಒಳಗಿನ ಪ್ರತಿ, ಹೊರಗಿನ ಪ್ರತಿ

1 ನವೆಂಬರ್ 1986, ಶನಿವಾರ

ಇಂದೂ ಹೆಡರ್ ಫೈಲುಗಳೇ, ಕಂಪ್ಯೂಟರಿನ ಅಳತೆಗಳನ್ನೆಲ್ಲ ಬರೆದಿಡುವ ಫೈಲುಗಳು. ಮೆಷೀನಿನ ಮೂಲ ಪ್ರೋಗ್ರಾಂ ಕರ್ನಲ್ ಓದುವುದಕ್ಕೆ ಒಳಗೊಂದು ಪ್ರತಿ, ಉಳಿದ ಪ್ರೋಗ್ರಾಮುಗಳು ಓದುವುದಕ್ಕೆ ಹೊರಗೊಂದು. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಇವೆಯೇ? ರಾಮ ರಾಮ! ಒಬ್ಬೊಬ್ಬರು ಒಂದೊಂದು ಕಡೆ ತಿದ್ದಿ ಎದ್ದು ಹೋಗಿದ್ದಾರೆ. ಮ್ಯಾನೇಜರ್ ಮೋರಿಸ್ ಬಂದು ನಿಂತರು. "ಹೊಸ ಮೆಷೀನಿಗೆ ಒಂದೇ ಪ್ರತಿ ಹೋಗ್ಬೇಕು ರಾಜಗೋಪಾಲ. ಹದಿನೈದಕ್ಕೆ ಹಳೇ ಡಿಸ್ಕ್ ಖಲಾಸ್. ಯಲ್ಲಾ, ಬೇಗ!" ಯಲ್ಲಾ ಅನ್ನುವುದಕ್ಕೇನು... ತಲೆ ಚಿಟ್ಟು ಹಿಡಿಯುವುದು ನನಗೆ.

3 ನವೆಂಬರ್, ಮಧ್ಯಾಹ್ನ

ಫೈಲುಗಳ ಪಟ್ಟಿ ತೆಗೆದೆ. ಒಡೆಯನ ಹೆಸರು ಬರಬೇಕಾದ ಕಡೆ ಬರೀ 114. ಯಾರಪ್ಪಾ ಇದು ಅಂದುಕೊಂಡೆ — ಆಮೇಲೆ ಹೊಳೆಯಿತು. ಯಶೋಧರ. ಅವನ ಲಾಗಿನ್ ಅಳಿಸಿದವನು ನಾನೇ. ಹೆಸರು ಹೋಗಿದೆ, ನಂಬರು ಹೋಗಿಲ್ಲ. ಪುಟಪುಟಕ್ಕೂ 114, 114... ಅವನು ಕೂರುತ್ತಿದ್ದ ಪಕ್ಕದ ಕುರ್ಚಿಯಲ್ಲಿ ಯಾರೋ ಉಸಿರುಬಿಟ್ಟ ಹಾಗಾಯಿತು. ಏಸಿ ಸದ್ದು, ಅಷ್ಟೇ.

ಹೋದ ವರ್ಷ ಏಪ್ರಿಲಿನಲ್ಲಿ ಡೇಟಾ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಟೇಪು ಹಾಕಿ ನೋಡಿದರೆ ತುಂಬ ಕಸ. ಟೇಪು ಅವನ ಜವಾಬ್ದಾರಿ. ನಮ್ಮ ವೀಸಾ ಕೊಟ್ಟ ಅರಬ್ ಧಣಿ, ಕಫೀಲ್, ವಾರದೊಳಗೆ ಅವನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ರದ್ದು ಮಾಡಿ ಉಡುಪಿಗೆ ಕಳಿಸಿದ. ನಾನಾಗ ರಜೆಯಲ್ಲಿ ಮೈಸೂರಿನಲ್ಲಿದ್ದೆ. ಅದೇ ವರ್ಷ ಅಕ್ಟೋಬರಿನಲ್ಲಿ ಅವನು ಸತ್ತ. ಹಾರ್ಟ್ ಅಟ್ಯಾಕ್. ಮೂವತ್ತಾರು ವರ್ಷ.

7 ನವೆಂಬರ್, ಶುಕ್ರವಾರ

ಯಶೋಧರನ ಹೆಂಡತಿ ಮೋಹಿನಿ ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸು; ಈಗಲೂ ಮೈದಾನ್ ಹವಲ್ಲಿ ಬಡಾವಣೆಯ ಇದೇ ಬಿಲ್ಡಿಂಗ್, ಎರಡು ಮಹಡಿ ಕೆಳಗೆ. ಶುಕ್ರವಾರದ ನೀರುದೋಸೆ ತಪ್ಪಿಸುವುದಿಲ್ಲ. ಬಾಯಿ ತಪ್ಪಿ ಈ ಕೆಲಸದ ಮಾತೆತ್ತಿಬಿಟ್ಟೆ.

"ಅವ್ರ ಫೈಲ್ ಉಂಟಾ ಅದ್ರಲ್ಲಿ?"

"ಇವೆ."

"ಟೇಪ್ ನಾನು ಸರಿಯಾಗಿಯೇ ಹಾಕಿದ್ದೆ ಅಂತ ಸಾಯುವವರೆಗೆ ಫೋನಲ್ಲಿ ಹೇಳ್ತಾ ಇದ್ರು ಮಾರಾಯ್ರೆ. ನಾನು ನಂಬ್ಲಿಲ್ಲ. ಸಾಕು, ಒಪ್ಕೊಳ್ಳಿ ಅಂತ ಬೈದೆ. ನೋಡಿ ಹೇಳ್ತೀರಾ ಅಣ್ಣ? ಸುಳ್ಳು ಹೇಳಿದ್ರಾ, ಇಲ್ವಾ... ಅಷ್ಟು ಗೊತ್ತಾದ್ರೆ ಸಾಕು ನಂಗೆ."

ನೋಡುತ್ತೇನೆ ಎಂದೆ.

10 ನವೆಂಬರ್, ಬೆಳಿಗ್ಗೆ

ಸಿಕ್ಕಿತು. ಸಿಗಬಾರದಿತ್ತು.

ಒಳಗಿನ ಪ್ರತಿ — ಒಡೆಯ ನಾನು, 7 ಮಾರ್ಚ್ 1985. ಹೊಸ ಡಿಸ್ಕಿಗೆಂದು ಬ್ಲಾಕಿನ, ಅಂದರೆ ಡಿಸ್ಕಿನ ಒಂದೊಂದು ತುಂಡಿನ, ಅಳತೆ 512 ಇದ್ದುದನ್ನು 1024 ಮಾಡಿದ್ದೇನೆ. ಹೊರಗಿನದರಲ್ಲಿ ಇನ್ನೂ 512. ಡಿಸ್ಕನ್ನು ನೇರವಾಗಿ ಓದುವುದು ಟೇಪಿನ ಪ್ರೋಗ್ರಾಂ ಒಂದೇ. ಅದು ನಂಬುವುದು ಹೊರಗಿನ ಪ್ರತಿಯನ್ನು. ಹಳೆಯ ಅಳತೆಯಲ್ಲಿ ಓದಿದರೆ ಕಸವಲ್ಲದೆ ಇನ್ನೇನು ಬರುತ್ತದೆ?

ಮಾರ್ಚ್ 7. ನಾನು ರಜೆಗೆ ಹೊರಟ ದಿನ. ಹೊರಗಿನದನ್ನೂ ತಿದ್ದಬೇಕು ಅನ್ನುವಷ್ಟರಲ್ಲಿ ಯಶೋಧರ ಬಂದ. ಊರಿಗೆ ಹೋಗುವವರ ಕೈಯಲ್ಲಿ ಎಲ್ಲರೂ ಕೊಡುವ ಹಾಗೆ ಅವನದೂ ಒಂದು ಪಾರ್ಸೆಲ್, ಅಮ್ಮನಿಗೆ. ಟ್ಯಾಂಗ್ ಡಬ್ಬಿ, ಟೈಗರ್ ಬಾಮ್, ಒಂದು ಸೀರೆ. ಆಫೀಸ್ ಸ್ಟೋರಿನ ತಕ್ಕಡಿಯಲ್ಲೇ ಸೂಟ್‌ಕೇಸ್ ತೂಗಿದೆವು. ಮೂರು ಕಿಲೋ ಹೆಚ್ಚು. ನನ್ನ ಬೂಟು ತೆಗೆದು ಅವನ ಟ್ಯಾಂಗ್ ಇಟ್ಟೆ. ಬಿದ್ದು ಬಿದ್ದು ನಕ್ಕೆವು. ಟ್ಯಾಕ್ಸಿ ಬಂತು, ಹೊರಟುಬಿಟ್ಟೆ.

ಅದೇ ದಿನ, ಸಂಜೆ

ಹೊರಗಿನ ಪ್ರತಿಯ ಮೊದಲಲ್ಲೇ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಕನ್ನಡ ಟಿಪ್ಪಣಿ ಇದೆ. ಒಡೆಯ 114. ತಾರೀಕು ಅವನು ವಿಮಾನ ಹತ್ತಿದ ದಿನದ್ದು. "ಟೇಪು ಸರಿ ಇದೆ. ಒಳಗಿನದಕ್ಕೂ ಹೊರಗಿನದಕ್ಕೂ ತಾಳೆ ಇಲ್ಲ. ಮೋರಿಸ್ ಕೇಳುವುದಿಲ್ಲ. ರಾಜಗೋಪಾಲ ರಜೆ ಮುಗಿಸಿ ಬಂದು ನೋಡಲಿ, ಅವನು ಹೇಳುತ್ತಾನೆ."

ನಾನು ಬಂದಾಗ ಬೇರೆ ಬ್ಯಾಕಪ್ ಪ್ರೋಗ್ರಾಂ ತಂದಾಗಿತ್ತು. ಒಂದೂವರೆ ವರ್ಷ ಈ ಫೈಲ್ ತೆರೆಯಲೇ ಇಲ್ಲ.

11 ನವೆಂಬರ್

ಪೆಟ್ಟಿಗೆಯಿಂದ ಅವನ ಕಾಗದ ಹುಡುಕಿ ತೆಗೆದೆ. ಆಗಸ್ಟ್ 85. ಕೊನೆಯ ಸಾಲು: "ಆ ಹೆಡರ್ ಫೈಲ್ ನೋಡಿದಿಯಾ ಮಾರಾಯ? ಒಮ್ಮೆ ನೋಡು." ನನ್ನ ಉತ್ತರ ಚೆನ್ನಾಗಿ ನೆನಪಿದೆ. ಪುರಸೊತ್ತಿಲ್ಲ, ಮುಂದಿನ ವಾರ ನೋಡುತ್ತೇನೆ. ಥೂ ನನ್ನ ಜನ್ಮಕ್ಕೆ.

ಆಫೀಸಿನಲ್ಲಿ ಆ ಟಿಪ್ಪಣಿ ಅಳಿಸಲು ಹೋದೆ. ಬೆರಳು ಏಳಲಿಲ್ಲ. ಕುರ್ಚಿ ಕಿರ್ ಅಂದಿತು — ಪಕ್ಕದ್ದು. ಈ ಸಲ ಏಸಿ ಆಫ್ ಆಗಿತ್ತು.

14 ನವೆಂಬರ್, ಶುಕ್ರವಾರ, ಬೆಳಿಗ್ಗೆ 10

ನಾಳೆ ಡಿಸ್ಕ್ ಅಳಿಸುತ್ತಾರೆ. ಒಂದೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ, ಇಕಾಮಾ, ಮಾನ ಎಲ್ಲ ಉಳಿಯುತ್ತದೆ. ಎರಡೂ ಪ್ರತಿಯ ಪ್ರಿಂಟ್ ತಂದಿಟ್ಟುಕೊಂಡಿದ್ದೇನೆ. ಯಾಕೆ ತಂದೆನೋ. ಹೆದರಿಕೆಯಾಗುತ್ತಿದೆ.

ಬೆಲ್. "ಇದ್ದೀರಾ ರಾಜಗೋಪಾಲಣ್ಣ? ದೋಸೆ ತಣಿತದೆ..."

ಪ್ರಿಂಟನ್ನು ದಿಂಬಿನ ಕೆಳಗೆ ತಳ್ಳಿದೆ. ಮತ್ತೆ ತೆಗೆದೆ. ಬಾಗಿಲು ತೆರೆದ ಕೂಡಲೇ, ದೋಸೆ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಬೇಕು — ಮೋಹಿನಿ, ಅವನು ಸುಳ್ಳು ಹೇಳಲಿಲ್ಲ. ಟೇಪು ಸರಿ ಇತ್ತು. ತಪ್ಪು ನನ್ನ—