ಎಣಿಸಲಾಗದ ದೀಪ

ಜೂನ್ ೨, ಮಂಗಳವಾರ. ಮಂಜಗುಣಿ.

ಪಿಯುಸಿ ಫಿಸಿಕ್ಸಿನಲ್ಲಿ ನಾನು ಫೇಲಾಗಿದ್ದಲ್ಲ. ಆ ಪರೀಕ್ಷೆಗೇ ಹೋಗಿರಲಿಲ್ಲ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಮೂರು ತಾಸು ಕುಳಿತು ಮನೆಗೆ ಬಂದಿದ್ದೆ. ನನಗೆ ಇಷ್ಟವಿದ್ದದ್ದು ಅದೊಂದೇ ವಿಷಯ. ಅದರಲ್ಲೂ ದಡ್ಡನೆಂದು ಗೊತ್ತಾದರೆ ಇನ್ನೇನು ಉಳಿಯುತ್ತದೆ ಎಂಬ ಹೆದರಿಕೆ. ಮೂರು ವರ್ಷ ಮುಚ್ಚಿಟ್ಟದ್ದನ್ನು, ನಾಳೆ ಲಡಾಖಿಗೆ ಹೊರಡುವ ಮೊದಲು, ಇಂದು ಸಂಜೆ ಬಲೆ ಹೆಣೆಯುತ್ತಿದ್ದ ಅಪ್ಪನಿಗೆ ಹೇಳಿದೆ.

ಅವನು ಬೈಯಲಿಲ್ಲ. "ಕಾರವಾರಕ್ಕೆ ಹೆದರಿದವ ಲಡಾಖಿಗೆ ಹೋಗ್ತ್ಯಾ? ಅಲ್ಲೆಂತ ಉಂಟು?" ಎಂದ.

ಸಿಡಿದುಹೋದ ನಕ್ಷತ್ರದ ಉಳಿಕೆಯ ನಡುವೆ ಪಲ್ಸಾರ್ ಎಂಬ ಪುಟ್ಟ ನಕ್ಷತ್ರ ಸೆಕೆಂಡಿಗೆ ಮೂವತ್ತು ಸಲ ತಿರುಗುತ್ತ ಲೈಟ್‌ಹೌಸಿನಂತೆ ಗಾಮಾ ಕಿರಣ ಬೀಸುತ್ತದೆ, ಅಂಥದ್ದನ್ನು ನೋಡುವ ದೊಡ್ಡ ಕನ್ನಡಿಯ ಟೆಲಿಸ್ಕೋಪ್ ಅಲ್ಲಿದೆ ಎಂದೆ. ದೋಣಿಯಲ್ಲಿ ಕೂತು ಮಿನುಗು ಎಣಿಸಿಯೇ ಇದು ಯಾವ ಊರಿನ ಲೈಟ್‌ಹೌಸ್ ಎಂದು ಹೇಳುವವನು ಅಪ್ಪ.

"ಮೂವತ್ತಾ? ಅದು ಲೈಟ್‌ಹೌಸ್ ಅಲ್ಲ ತಮಾ, ನಮ್ಮನೆ ಟ್ಯೂಬ್‌ಲೈಟು."

ಇಬ್ಬರೂ ನಕ್ಕೆವು. ಉಳಿದದ್ದನ್ನು ಹೇಳಲು ನನಗೆ ಬರಲಿಲ್ಲ. ಆ ಕಿರಣ ನೆಲದವರೆಗೆ ಬರುವುದೇ ಇಲ್ಲ. ಮೇಲಿನ ಗಾಳಿಗೆ ಬಡಿದು, ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿ ಬೆಳಕನ್ನು ಚೆಲ್ಲಿ ಮುಗಿದುಹೋಗುತ್ತದೆ. ಕನ್ನಡಿಗೆ ಸಿಗುವುದು ಆ ಬೆಳಕಷ್ಟೇ. ನನಗೆ ಅದೂ ಸಿಗುವುದಿಲ್ಲ. ಅಲ್ಲಿ ನನ್ನದು ಕೆಲಸಗಾರರಿಗೆ ಅಡುಗೆ ಮಾಡುವ ಕೆಲಸ, ಇಷ್ಟು ದಿನ ಬೋಟಿನಲ್ಲಿ ಮಾಡುತ್ತಿದ್ದದ್ದೇ. ಆದರೂ ಆ ಕನ್ನಡಿಯ ಪಕ್ಕದಲ್ಲಿ ಒಮ್ಮೆ ತಲೆಯೆತ್ತಿ ನಿಲ್ಲಬೇಕು. ನಿಂತು ಏನು ಮಾಡುತ್ತೇನೋ ಗೊತ್ತಿಲ್ಲ. ಅಷ್ಟು ಹತ್ತಿರ ಹೋದ ಮೇಲೆ ಬಹುಶಃ ಪರೀಕ್ಷೆಗೂ...

ನಿದ್ದೆ ಬರುತ್ತಿದೆ. ಅಪ್ಪ ಒಣ ಸಿಗಡಿ ಕಟ್ಟಿಟ್ಟಿದ್ದಾನೆ. ನಾಳೆ ಅಂಕೋಲಾದಿಂದ ರೈಲು.