ಇಪ್ಪತ್ತು ಪಟ್ಟು

ಮ್ಕೋಬಾ, ಗ್ವೆರು
19 ಜುಲೈ 2008

ಪ್ರೀತಿಯ ಮಗಳು ನ್ಯಾರಾಜೊಗೆ ಅಪ್ಪನ ಆಶೀರ್ವಾದಗಳು.

ಅಮ್ಮನ ಇನ್ಸುಲಿನ್‌ಗೆಂದು ಜೊಹಾನ್ಸ್‌ಬರ್ಗ್‌ನಿಂದ ನೀನು ಬಸ್ಸಿನ ಡ್ರೈವರ್ ಕೈಲಿ ಕಳಿಸಿದ ಎಂಟುನೂರು ರಾಂಡ್ ಹೋದ ತಿಂಗಳೇ ತಲುಪಿತು. ಆಗಲೇ ಬರೆಯಬೇಕಿತ್ತು. ಬರೆಯಲು ಮುಖವಿರಲಿಲ್ಲ.

ಔಷಧಿ ಅಂಗಡಿಯವನು ಪೊಲೀಸರಿಗೆ ಹೆದರಿ ರಾಂಡ್ ಮುಟ್ಟಲಿಲ್ಲ, ನಮ್ಮ ದೇಶದ ಡಾಲರ್ ನೋಟೇ ಬೇಕೆಂದ. ಬಸ್ ನಿಲ್ದಾಣದ ಬಳಿ ಹಣ ಬದಲಾಯಿಸಿಕೊಡುವ ಮಾಯ್ ಗುಂಬೊ ಹತ್ತಿರ ಹೋದೆ. ನನ್ನ ಹಳೇ ವಿದ್ಯಾರ್ಥಿನಿ, ನನ್ನ ಅರ್ಥಶಾಸ್ತ್ರದಲ್ಲಿ ಸದಾ ಫೇಲು. "ಕೈಗೆ ನೋಟಾದ್ರೆ ಇಷ್ಟು ಮೇಷ್ಟ್ರೇ. ಬ್ಯಾಂಕ್ ಖಾತೆಗೆ ಹಾಕಿಸ್ಕೊಂಡ್ರೆ ಇದರ ಇಪ್ಪತ್ತು ಪಟ್ಟು," ಎಂದಳು. ನೋಟು ತೆಗೆದುಕೊಂಡಿದ್ದರೆ ಅಂದೇ ಎರಡು ಬಾಟಲಿ ಬರುತ್ತಿತ್ತು. ನಾನು ನಿಂತಲ್ಲೇ ಗುಣಿಸಿದೆ. ನಲವತ್ತು ಬಾಟಲಿ! ಖಾತೆಗೇ ಹಾಕಿಸಿದೆ.

ಬ್ಯಾಂಕು ಒಬ್ಬರಿಗೆ ದಿನಕ್ಕೆ ಕೊಡುವುದು ಒಂದು ಬ್ರೆಡ್ಡಿಗಾಗುವಷ್ಟು ನೋಟು ಮಾತ್ರ. ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ದಿನಾ ಹೋಗಿ ಕೂಡಿಸಿದರಾಯಿತು ಎಂದುಕೊಂಡೆ. ಐದು ದಿನ ಸಾಲಿನಲ್ಲಿ ನಿಂತು ಕೂಡಿಸಿದ ನೋಟಿಗೆ ಶುಕ್ರವಾರ ಅರ್ಧ ಬ್ರೆಡ್ಡೂ ಬರಲಿಲ್ಲ.

ಸರಕು ಹೆಚ್ಚದೆ ನೋಟು ಹೆಚ್ಚಿದರೆ ಬೆಲೆ ಏರುತ್ತದೆ, ಹೊರಗಿನ ಹಣದೆದುರು ನಮ್ಮ ಹಣ ಕುಸಿಯುತ್ತದೆ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಕೈಗೆ ಬಾರದ ಹಣವಾದ್ದರಿಂದಲೇ ಅಷ್ಟು ಧಾರಾಳವಾಗಿ ಕೊಡುತ್ತಾರೆಂದು ಫೇಲಾದವಳಿಗೆ ತಿಳಿದಿತ್ತು. ಅತಿ ಆಸೆ ಗತಿ ಕೇಡು. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ ಮಗಳೇ.

ಅಮ್ಮ ಬೈಯಲಿಲ್ಲ. "ನ್ಯಾರಾಜೊ ಅಪ್ಪಾ, ಬ್ಯಾಂಕಿನಲ್ಲಿರೋ ಆ ಸೊನ್ನೆಗಳ್ನ ಸಿರಿಂಜಿಗೆ ತುಂಬಕ್ಕಾಗತ್ತಾ?" ಎಂದು ನಕ್ಕಳು. ಉಳಿದಿದ್ದ ಔಷಧಿಯನ್ನು ಅರ್ಧರ್ಧ ಮಾಡಿ ಚುಚ್ಚಿಕೊಂಡಳು. ಅದೂ ಮುಗಿದ ಮೇಲೆ ಸಾಡ್ಜಾ ಮುದ್ದೆ ಮುಂದಿಟ್ಟರೂ ಬರೀ ನೀರು ಕೇಳುತ್ತಿದ್ದಳು. ಈಗ ಏನೂ ಕೇಳುವುದಿಲ್ಲ.

ನೀನು ಅಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣು. ಮೈ ಬೆಚ್ಚಗಿಟ್ಟುಕೋ.

ಇಂತಿ,
ನಿನ್ನ ಅಪ್ಪ

ತಾ.ಕ.: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಅಮ್ಮ ಮಂಗಳವಾರ ತೀರಿಕೊಂಡಳು. ಸಾವಿನ ಮನೆಯ ತಟ್ಟೆಗೆ ಹಿಂದೆಲ್ಲ ಜನ ನೋಟು ಹಾಕುತ್ತಿದ್ದರಲ್ಲ, ಈ ಸಲ ಒಬ್ಬರೂ ಹಾಕಲಿಲ್ಲ. ಲೋಟದಷ್ಟು ಮೆಕ್ಕೆಜೋಳದ ಹಿಟ್ಟು, ಸೌದೆ, ಸೋಪಿನ ತುಂಡು ತಂದರು. ಮಾಯ್ ಗುಂಬೊ ಉಪ್ಪು ತಂದಿಟ್ಟು, ನನ್ನ ಮುಖ ನೋಡದೆ ಹೋದಳು. ಇನ್ನು ಔಷಧಿಗೆ ಹಣ ಕಳಿಸಬೇಡ.